ಗೊರಕೆ ರೋಗಕ್ಕೆ ಮೂರು ವರ್ಷ, ಉಲ್ಲೇಖ ಆರು: ಹದಿನಾಲ್ಕನೆಯ ಕಾಲಂನಲ್ಲಿ ಏನು ಬರೆಯಲಿ?

ಬಸವನಹುಳು ಎಣಿಸುವವಳು (ಪ್ರಶ್ನೆ)

ಪಶುವೈದ್ಯಕೀಯ ಕಾಲೇಜೊಂದರಲ್ಲಿ ಪರೋಪಜೀವಿ ಶಾಸ್ತ್ರ ಕಲಿಸುತ್ತೇನೆ. ನೌಕರಿಗೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಬಡ್ತಿಯ ಅರ್ಜಿ ಮೇಜಿನ ಮೇಲಿದೆ. ಹದಿಮೂರು ಕಾಲಂ ತುಂಬಿದ್ದೇನೆ, ಹದಿನಾಲ್ಕನೆಯದರ ಮುಂದೆ ನಾಲ್ಕು ದಿನದಿಂದ ಕುಳಿತಿದ್ದೇನೆ. 'ಒಟ್ಟು ಉಲ್ಲೇಖಗಳು, ಎಚ್-ಸೂಚ್ಯಂಕ, ಸಂಶೋಧನೆಯ ಪ್ರಭಾವ. 250 ಅಕ್ಷರ ಮೀರಬಾರದು' ಎಂದು ಅದರ ತಲೆಬರಹ.

ಸಂಶೋಧನಾ ಲೇಖನಗಳನ್ನು ಹುಡುಕಿ ಉಲ್ಲೇಖ ಎಣಿಸುವ ತಾಣ ಗೂಗಲ್ ಸ್ಕಾಲರ್ ತೆರೆದು ನೋಡಿದೆ. ಲೇಖನಗಳು 34, ಎಚ್-ಸೂಚ್ಯಂಕ 9. ಎಲ್ಲಕ್ಕಿಂತ ಮೇಲಿರುವುದು ಕುರಿ ಮೇಕೆಗಳ ಜಂತುಹುಳುಗಳು ಔಷಧಕ್ಕೆ ಬಗ್ಗದಿರುವುದರ ಬಗ್ಗೆ ಬರೆದ ಒಂದು ಸಮೀಕ್ಷಾ ಲೇಖನ, 118 ಉಲ್ಲೇಖ, ಅಂದರೆ ಅಷ್ಟು ಲೇಖನಗಳು ಅದನ್ನು ಆಕರವಾಗಿ ಹೆಸರಿಸಿವೆ. ಅದನ್ನು ಬರೆದದ್ದು ಕೊರೊನಾ ಕಾಲದಲ್ಲಿ, ಪ್ರಯೋಗಾಲಯಕ್ಕೆ ಬೀಗ ಬಿದ್ದಿದ್ದಾಗ, ಮನೆಯ ಊಟದ ಮೇಜಿನ ಮೇಲೆ, ಹನ್ನೆರಡು ದಿನಗಳಲ್ಲಿ. ನನ್ನ ಕಣ್ಣಿಗೆ ಬಿದ್ದ ಒಂದು ಹುಳುವೂ ಅದರಲ್ಲಿಲ್ಲ. ಬೇರೆಯವರು ಕಂಡದ್ದನ್ನು ಒಪ್ಪವಾಗಿ ಜೋಡಿಸಿದ್ದೇನೆ, ಅಷ್ಟೆ.

ಪಟ್ಟಿಯ ತಳದಲ್ಲಿ ಇನ್ನೊಂದಿದೆ. ದನಗಳ ಗೊರಕೆ ರೋಗದ ಮೇಲೆ ಮೂರು ವರ್ಷ ಮಾಡಿದ ಕೆಲಸ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಶಿಸ್ಟೋಸೋಮ ನೇಸೇಲ್ ಎಂಬ ಹುಳು ದನದ ಮೂಗಿನ ಒಳಪೊರೆಯ ರಕ್ತನಾಳಗಳಲ್ಲಿ ಮನೆ ಮಾಡುತ್ತದೆ. ಮೂಗಿನೊಳಗೆ ಹೂಕೋಸಿನಂತಹ ಗಡ್ಡೆ ಬೆಳೆದು ಉಸಿರಿನ ದಾರಿ ಕಟ್ಟುತ್ತದೆ, ಎತ್ತು ಹಗಲಿನಲ್ಲೇ ನಿಂತಲ್ಲೇ ಗೊರಕೆ ಹೊಡೆಯುತ್ತದೆ. ಸಿಂಬಳದೊಂದಿಗೆ ಉದುರುವ ಮೊಟ್ಟೆ ಕೆರೆಯ ನೀರಿಗೆ ಬಿದ್ದು ಒಡೆದು, ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್ ಎಂಬ ಬಸವನಹುಳುವಿನೊಳಗೆ ಬೆಳೆದು, ನೀರಿಗಿಳಿದ ದನದ ಚರ್ಮ ತೂರಿ ಮತ್ತೆ ಒಳಗೆ ಹೋಗುತ್ತದೆ. ನಾನು ಮಾಡಿದ್ದೇನೆಂದರೆ, ಬೆಳಗಿನ ಜಾವ ಹನ್ನೊಂದು ಕೆರೆಗಳ ಅಂಚಿನಲ್ಲಿ ಬಸವನಹುಳು ಆರಿಸಿ, ಒಂದೊಂದನ್ನೂ ಗಾಜಿನ ನಳಿಕೆಯಲ್ಲಿ ಹಾಕಿ ಬೆಳಕಿಗಿಟ್ಟು, ಕವಲು ಬಾಲದ ಮರಿಗಳು ಹೊರಬರುತ್ತವೆಯೇ ಎಂದು ಕಾಯುವುದು. ಮಧ್ಯಾಹ್ನ ಕಸಾಯಿಖಾನೆಯಲ್ಲಿ ಸೀಳಿದ ತಲೆಗಳ ಮೂಗಿನ ಪೊರೆ ಕೆರೆದು, ಕ್ಷಾರದ ದ್ರಾವಣದಲ್ಲಿ ಕರಗಿಸಿ, ಬೂಮರಾಂಗಿನಂತೆ ಬಾಗಿದ ಮೊಟ್ಟೆ ಹುಡುಕುವುದು. ಎಮ್ಮೆಗಳದ್ದೇ ದೊಡ್ಡ ತಮಾಷೆ. ಅವು ಸಾಮಾನ್ಯವಾಗಿ ಗೊರಕೆ ಹೊಡೆಯುವುದಿಲ್ಲ, ರೋಗದ ಲಕ್ಷಣವನ್ನೇ ತೋರಿಸುವುದಿಲ್ಲ, ಮೊಟ್ಟೆಯನ್ನು ಮಾತ್ರ ಮೌನವಾಗಿ ಕೆರೆಗೆ ಹಂಚುತ್ತಿರುತ್ತವೆ. ನೋಡದೆ ಇದ್ದರೆ ತಿಳಿಯುವುದೇ ಇಲ್ಲ. ಈ ಲೇಖನಕ್ಕೆ ಉಲ್ಲೇಖ ಆರು. ಅದರಲ್ಲಿ ಎರಡು ನನ್ನವೇ, ಒಂದು ನನ್ನ ವಿದ್ಯಾರ್ಥಿಯದು. ಮನೆಮಂದಿಯನ್ನು ಬಿಟ್ಟರೆ ಮೂರು.

ಇನ್ನೊಂದು ಗೋಳು ಹೆಸರಿನದು. ನಮ್ಮ ಕಡೆಯ ರೂಢಿಯಂತೆ ನನಗೆ ಮೊದಲು ಊರಿನ ಅಕ್ಷರ, ಆಮೇಲೆ ಅಪ್ಪನ ಅಕ್ಷರ, ಕೊನೆಗೆ ನನ್ನ ಹೆಸರು. ಒಂದು ಪತ್ರಿಕೆ ಉಪನಾಮವಿಲ್ಲದೆ ಲೇಖನ ಸ್ವೀಕರಿಸುವುದಿಲ್ಲ ಎಂದಾಗ ಅಪ್ಪನ ಪೂರ್ತಿ ಹೆಸರನ್ನು ಹಿಂದಕ್ಕೆ ಹಾಕಿದೆ. ಮದುವೆಯ ನಂತರ ಎರಡು ಲೇಖನ ಗಂಡನ ಮನೆತನದ ಹೆಸರಿನಲ್ಲಿ ಬಂದವು. ಈಗ ನಾನು ಮೂವರು. ಸಾಲದ್ದಕ್ಕೆ ನನ್ನ ಪಟ್ಟಿಯಲ್ಲಿ ಉಕ್ಕಿನ ಕೊಳವೆಗಳ ತುಕ್ಕಿನ ಬಗ್ಗೆ ಎರಡು ಲೇಖನಗಳು ಸೇರಿಕೊಂಡಿವೆ. ಅಪ್ಪನ ಹೆಸರಿನ ಯಾರೋ ಲೋಹತಜ್ಞರದು. ಅವರಿಗೆ ಒಳ್ಳೆಯ ಉಲ್ಲೇಖಗಳಿವೆ, ಹೊಟ್ಟೆಕಿಚ್ಚಾಗುವಷ್ಟು.

ಹೋದ ಸಲದ ಸಂದರ್ಶನದಲ್ಲಿ ಸಮಿತಿಯ ಒಬ್ಬರು, 'ನಿಮ್ಮದು ಒಂಬತ್ತೇ? ನಮ್ಮ ಜೈವಿಕ ತಂತ್ರಜ್ಞಾನದ ಹುಡುಗನದು ಹದಿನೇಳು' ಎಂದರು. ಒಂಬತ್ತು ಕಡಿಮೆಯೋ ಹೆಚ್ಚೋ ನನಗೆ ನಿಜವಾಗಿಯೂ ತಿಳಿಯದು. ಬಲ್ಲವರು ಹೇಳಿ. ಮತ್ತು ಆ 250 ಅಕ್ಷರದಲ್ಲಿ ಏನು ಬರೆಯಬೇಕೆಂದೂ ಹೇಳಿ.

ಗ್ರಂಥಾಲಯದ ಮೂಲೆಯಿಂದ

ಮೊದಲು ತುಕ್ಕನ್ನು ತೆಗೆಯಿರಿ. ತಮಾಷೆಗೆ ಹೇಳುತ್ತಿಲ್ಲ. ಬೇರೊಬ್ಬರ ಲೇಖನ ನಿಮ್ಮ ಪಟ್ಟಿಯಲ್ಲಿರುವುದು ಸಮಿತಿಯ ಯಾರದಾದರೂ ಕಣ್ಣಿಗೆ ಬಿದ್ದರೆ ಅದನ್ನು ಗೂಗಲ್‌ನ ತಪ್ಪು ಎಂದು ಯಾರೂ ನಂಬುವುದಿಲ್ಲ. ಸ್ಕಾಲರ್ ಪುಟದ ಸೆಟ್ಟಿಂಗ್‌ನಲ್ಲಿ ಲೇಖನಗಳನ್ನು ತಾನಾಗಿಯೇ ಸೇರಿಸುವ ಆಯ್ಕೆ ಇರುತ್ತದೆ. ಅದನ್ನು ಬಿಟ್ಟು, 'ನನ್ನನ್ನು ಕೇಳಿ ಸೇರಿಸು' ಎಂಬುದನ್ನು ಆರಿಸಿ.

ಆಮೇಲೆ ಆರ್ಕಿಡ್ ಸಂಖ್ಯೆ ಮಾಡಿಸಿಕೊಳ್ಳಿ. ಹೂವಲ್ಲ, ಸಂಶೋಧಕರಿಗೆ ಕೊಡುವ ಹದಿನಾರು ಸ್ಥಾನಗಳ ಗುರುತಿನ ಸಂಖ್ಯೆ. 2012ರಿಂದ ಚಾಲ್ತಿಯಲ್ಲಿದೆ, ಹಣ ಕೊಡಬೇಕಿಲ್ಲ. ಉಪನಾಮ ಕೊನೆಯಲ್ಲಿ ಇರಲೇಬೇಕು ಎಂದು ಲೆಕ್ಕ ಹಾಕುವ ಯಂತ್ರಗಳ ಮುಂದೆ ನಮ್ಮವರ ಇನಿಷಿಯಲ್‌ಗಳು ಯಾವಾಗಲೂ ಸೋಲುತ್ತವೆ. ನನ್ನ ಗ್ರಂಥಾಲಯದಲ್ಲಿ ಒಬ್ಬರೇ ಪ್ರಾಧ್ಯಾಪಕರು ಉಲ್ಲೇಖ ಎಣಿಸುವ ಇನ್ನೊಂದು ತಾಣವಾದ ಸ್ಕೋಪಸ್‌ನಲ್ಲಿ ಐದು ಜನರಾಗಿದ್ದರು. ಅವರ ಊರು, ಅಪ್ಪ, ಅವರು, ಹೀಗೆ ಎಲ್ಲರೂ ಬೇರೆ ಬೇರೆ ವಿಜ್ಞಾನಿಗಳು. ಸ್ಕೋಪಸ್‌ಗೆ ಮನವಿ ಸಲ್ಲಿಸಿದರೆ ಒಂದುಗೂಡಿಸುತ್ತಾರೆ.

ಸಂಖ್ಯೆಯ ವಿಷಯ. ಎಚ್-ಸೂಚ್ಯಂಕ 9 ಎಂದರೆ ನಿಮ್ಮ ಒಂಬತ್ತು ಲೇಖನಗಳಿಗೆ ಕನಿಷ್ಠ ಒಂಬತ್ತೊಂಬತ್ತು ಉಲ್ಲೇಖಗಳಿವೆ ಎಂದರ್ಥ, ಅದಕ್ಕಿಂತ ಹೆಚ್ಚೇನೂ ಇಲ್ಲ. ಹತ್ತನೆಯ ಲೇಖನಕ್ಕೆ ಒಂಬತ್ತಿದ್ದರೂ ಲೆಕ್ಕಕ್ಕಿಲ್ಲ, ಮೊದಲನೆಯದಕ್ಕೆ 118 ಇದ್ದರೂ 1,180 ಇದ್ದರೂ ಅದು ಒಂದೇ. ಗೂಗಲ್ ಸ್ಕಾಲರ್ ಪ್ರಬಂಧ, ಸಮ್ಮೇಳನದ ಕಿರುಹೊತ್ತಗೆ, ಅಂತರಜಾಲಕ್ಕೆ ಏರಿಸಿದ ಕರಡು ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ತಾವು ಆರಿಸಿದ ಪ್ರಕಟಣೆಗಳನ್ನು ಮಾತ್ರ ಎಣಿಸುತ್ತವೆ. ಆದ್ದರಿಂದ ಒಬ್ಬರಿಗೇ ಮೂರು ಸೂಚ್ಯಂಕ ಇರುವುದು ಸಹಜ. ಯಾವ ಮೂಲ, ಯಾವ ದಿನ ಎಂದು ಬರೆಯದ ಸೂಚ್ಯಂಕ ನನ್ನ ಪ್ರಕಾರ ತೂಕದ ಕಲ್ಲಿಲ್ಲದ ತಕ್ಕಡಿ.

ಅಡ್ಡಮಾತು

ಸುಲಭದ ದಾರಿ ಹೇಳಲೇ? ಜಗತ್ತಿನ ರೋಗಭಾರದ ಲೆಕ್ಕ ಹಾಕುವ ಆ ಮಹಾಲೇಖನಗಳಿವೆಯಲ್ಲ, ನೂರಾರು ಲೇಖಕರ ಹೆಸರಿರುವಂಥವು, ಅದರಲ್ಲಿ ಎಲ್ಲಾದರೂ ಒಂದು ಮೂಲೆಯಲ್ಲಿ ಸೇರಿಕೊಳ್ಳಿ. ಸಾವಿರಗಟ್ಟಲೆ ಉಲ್ಲೇಖ ಬರುತ್ತದೆ. ಬಸವನಹುಳು ಎಣಿಸುವ ಕೈಗೆ ಕೆಸರೂ ಹತ್ತುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬುದು ಹಳೆಯ ಗಾದೆ, ಹಿತ್ತಲ ಹುಳು ಲೇಖನವಲ್ಲ ಎಂಬುದು ಹೊಸದು.

ಬಸವನಹುಳು ಎಣಿಸುವವಳು

ಗ್ರಂಥಾಲಯದವರಿಗೆ ಧನ್ಯವಾದ. ತುಕ್ಕು ತೆಗೆದ ಕೂಡಲೇ ಒಂಬತ್ತು ಏಳಾಯಿತು! ಇಷ್ಟು ದಿನ ಎರಡು ಅಂಕ ಕೊಳವೆಗಳ ಬಲದಿಂದ ನಿಂತಿದ್ದವು. ಗಂಡನ ಮನೆಯ ಹೆಸರಿನ ಎರಡು ಲೇಖನಗಳನ್ನು ಹುಡುಕಿ ಸೇರಿಸಿದ ಮೇಲೆ ಎಂಟಕ್ಕೆ ಬಂದಿದೆ. ಸ್ಕೋಪಸ್‌ನಲ್ಲಿ ಆರು.

ಅಡ್ಡಮಾತಿನವರಿಗೆ: ಅಂಥ ಒಂದು ಲೇಖನಕ್ಕೆ ನನ್ನನ್ನು ಕರೆದಿದ್ದರು. ದತ್ತಾಂಶದ ಅರ್ಜಿ ನಲವತ್ತು ಪುಟ ಇತ್ತು, ಆ ವಾರ ಕೆರೆಗೆ ಹೋಗಬೇಕಾಗಿತ್ತು, ಹೋದೆ. ಈಗ ನಗಬೇಡಿ.

ಹಳೆಯ ಸೂಕ್ಷ್ಮದರ್ಶಕ

ನಿವೃತ್ತನಾಗಿ ಒಂಬತ್ತು ವರ್ಷ ಕಳೆದಿದೆ, ಆದ್ದರಿಂದ ಹೆದರದೆ ಮಾತಾಡುತ್ತೇನೆ.

ತಂಗಿ, ನೀವು ನಿಮ್ಮ ಲೇಖನದ ಮೊದಲ ಸಾಲಿನಲ್ಲಿ ಹುಳುವಿನ ಹೆಸರನ್ನು ಹೇಗೆ ಬರೆದಿದ್ದೀರಿ? 'ಶಿಸ್ಟೋಸೋಮ ನೇಸೇಲ್ ರಾವ್, 1933' ಎಂದೇ ಬರೆದಿರುತ್ತೀರಿ. ನಾವೆಲ್ಲರೂ ಹಾಗೆಯೇ ಬರೆಯುತ್ತೇವೆ. ಈಗ ಲೇಖನದ ಕೊನೆಯ ಆಕರಗಳ ಪಟ್ಟಿ ತೆರೆಯಿರಿ. ಅಲ್ಲಿ ರಾವ್ ಅವರ 1933ರ ಲೇಖನ ಇದೆಯೇ? ನಾನು ಪಂಥ ಕಟ್ಟುತ್ತೇನೆ, ಇರಲಾರದು. ನನ್ನ ಸ್ವಂತ ಲೇಖನಗಳಲ್ಲೂ ಇಲ್ಲ. ನಿನ್ನೆ ರಾತ್ರಿ ತೆಗೆದು ನೋಡಿ ನಾಚಿಕೊಂಡೆ.

1932ರಲ್ಲಿ ಮಲ್ಕಾನಿ ಅವರು ದನದ ಮೂಗಿನ ಗಡ್ಡೆಗೂ ಶಿಸ್ಟೋಸೋಮಕ್ಕೂ ನಂಟಿದೆ ಎಂದು ತೋರಿಸಿದರು. ಮರುವರ್ಷ ಮದರಾಸಿನಲ್ಲಿ ಎಂ. ಎ. ಎನ್. ರಾವ್ ಆ ಹುಳುವನ್ನು ವಿವರಿಸಿ ಹೆಸರಿಟ್ಟರು. ಅಂದಿನಿಂದ ಇಂದಿನವರೆಗೆ ಈ ರೋಗದ ಬಗ್ಗೆ ಬರೆದವರೆಲ್ಲ ಆ ಹೆಸರನ್ನು ಬಳಸಬೇಕು, ಬಳಸಿದ್ದಾರೆ. ಪ್ರಾಣಿಶಾಸ್ತ್ರದ ಹೆಸರಿಡುವ ಪದ್ಧತಿಯಲ್ಲಿ ಹುಳುವಿನ ಪಕ್ಕದಲ್ಲಿ ವಿವರಿಸಿದವರ ಹೆಸರು ಮತ್ತು ವರ್ಷ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಉಲ್ಲೇಖ ಯಾವುದಿದೆ? ಆದರೆ ಎಣಿಸುವ ಯಂತ್ರ ನೋಡುವುದು ಕೊನೆಯ ಪಟ್ಟಿಯನ್ನು ಮಾತ್ರ. ಲೇಖನದ ಒಡಲಿನಲ್ಲಿ ಹುಳುವಿನ ಬೆನ್ನಿಗಂಟಿಕೊಂಡು ಕುಳಿತ ರಾವ್ ಅವರು ಅದರ ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ ಯಾವ ರಾವ್ ಎಂದು ಕೇಳುತ್ತದೆ, ಬಿಡಿ.

ಇನ್ನೊಬ್ಬರ ಕತೆ ಹೇಳಿ ಮುಗಿಸುತ್ತೇನೆ, ಇದನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಗ್ರಿಫಿತ್ ಇವಾನ್ಸ್, ವೇಲ್ಸ್ ದೇಶದ ಪಶುವೈದ್ಯ, ಬ್ರಿಟಿಷ್ ಸೇನೆಯಲ್ಲಿದ್ದವರು. 1880ರಲ್ಲಿ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಸರ್ರಾ ರೋಗದಿಂದ ಸಾಯುತ್ತಿದ್ದ ಕುದುರೆ, ಒಂಟೆಗಳ ರಕ್ತದಲ್ಲಿ ಚಾಟಿಯಂತೆ ಬಳುಕುವ ಜೀವಿಯನ್ನು ಕಂಡರು. ರೋಗಿಯ ರಕ್ತವನ್ನು ಆರೋಗ್ಯವಾಗಿದ್ದ ಪ್ರಾಣಿಗೆ ಚುಚ್ಚಿ ರೋಗ ಬರುವುದನ್ನೂ ತೋರಿಸಿದರು. ಸಸ್ತನಿಗಳಿಗೆ ರೋಗ ತರುವ ಟ್ರಿಪನೊಸೋಮ ಎಂಬ ಒಂಟಿಕೋಶದ ಪರೋಪಜೀವಿ ಜಗತ್ತಿನಲ್ಲಿ ಮೊದಲು ಗುರುತಿಗೆ ಸಿಕ್ಕಿದ್ದು ಹೀಗೆ. ಪ್ರಕಟವಾದದ್ದು ಸರಕಾರಿ ವರದಿಯಾಗಿ. ರಕ್ತದಲ್ಲಿ ಇಂಥ ಜೀವಿ ಇದ್ದ ಮಾತ್ರಕ್ಕೆ ಅದೇ ರೋಗಕ್ಕೆ ಕಾರಣವೇ ಎಂದು ಮೇಲಿನವರು ಮೂಗು ಮುರಿದರು. ಐದು ವರ್ಷಗಳ ನಂತರ ಬರ್ಮಾದ ಹೇಸರಗತ್ತೆಗಳಲ್ಲಿ ಅದೇ ಜೀವಿಯನ್ನು ಕಂಡ ಸ್ಟೀಲ್ ಎಂಬುವರು ಅದಕ್ಕೆ ಇವಾನ್ಸ್ ಹೆಸರನ್ನೇ ಇಟ್ಟರು. ಹಾಗಾಗಿ ಇಂದು ಟ್ರಿಪನೊಸೋಮ ಇವಾನ್ಸೈ ಎಂದು ಬರೆದಾಗ ಪಕ್ಕದಲ್ಲಿ ಸ್ಟೀಲ್ ಹೆಸರು, 1885 ಎಂಬ ವರ್ಷ ಬರುತ್ತದೆ. ಕಂಡವರು ಜೀವಿಯ ಹೆಸರಿನೊಳಗೆ, ಹೆಸರಿಟ್ಟವರು ಪಕ್ಕದ ಆವರಣದೊಳಗೆ. ಇಬ್ಬರಿಗೂ ಎಚ್-ಸೂಚ್ಯಂಕ ಕಟ್ಟಿದರೆ ನನಗಿಂತ ಕಡಿಮೆಯೇ ಇರಬಹುದು, ಮತ್ತು ನಾನು ಏನನ್ನೂ ಕಂಡುಹಿಡಿದಿಲ್ಲ. ಇವಾನ್ಸ್ ನೂರು ವರ್ಷ ಬದುಕಿದರು, 1835ರಿಂದ 1935. ಒಪ್ಪಿಗೆ ಸಿಗುವ ತನಕ ಕಾಯಲು ಅಷ್ಟು ಆಯುಷ್ಯ ಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ, ಹಿಂದಿನ ಬೆಂಚಿನವರು ಮಾತ್ರ ನಗುತ್ತಿದ್ದರು.

ಆದ್ದರಿಂದ ಆ ಕಾಲಂ ಖಾಲಿ ಬಿಡಿ. ಕೇಳಿದರೆ ಕೆರೆಗೆ ಬನ್ನಿ ತೋರಿಸುತ್ತೇನೆ ಎನ್ನಿ.

ಗ್ಲಾಸ್ಗೋದಲ್ಲೊಬ್ಬ ಹಾಸನದವ

ಸರ್, ನಿಮ್ಮ ಕತೆ ಚೆನ್ನಾಗಿದೆ, ಸಲಹೆಯನ್ನು ಮಾತ್ರ ಒಪ್ಪಲಾರೆ. ಕಾಲಂ ಖಾಲಿ ಬಿಟ್ಟರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ಮಾತು. ನನಗೆ ಈ ಪೋಸ್ಟ್‌ಡಾಕ್ ಕೆಲಸ ಸಿಕ್ಕಿದ್ದು ಸಂಖ್ಯೆಯಿಂದಲೇ. ಊರಿನಲ್ಲಿ ನಾನು ಹೋದ ಒಂದು ಸಂದರ್ಶನದಲ್ಲಿ ಮೊದಲ ಪ್ರಶ್ನೆ 'ನಿಮ್ಮ ಗೈಡ್ ಯಾರು', ಎರಡನೆಯದು 'ನೀವು ಯಾವ ಕಡೆಯವರು'. ಸಂಖ್ಯೆಗೆ ಕನಿಷ್ಠ ಜಾತಿ ಇಲ್ಲ. ಅದು ಕುರುಡು ನಿಜ, ಆದರೆ ಕುರುಡುತನವೂ ಕೆಲವೊಮ್ಮೆ ನಮ್ಮಂಥವರಿಗೆ ಉಪಕಾರ ಮಾಡುತ್ತದೆ. ಸಂಖ್ಯೆಯನ್ನು ಎಸೆಯುವುದು ಬೇಡ, ಅದರ ಪಕ್ಕದಲ್ಲಿ ಏನನ್ನು ನಿಲ್ಲಿಸಬೇಕು ಎಂದು ಯೋಚಿಸೋಣ.

ಮೇಡಂ, ಎಂಟು ಕಡಿಮೆಯೇ ಎಂಬ ಪ್ರಶ್ನೆಗೆ ಉತ್ತರ: ಯಾರ ಪಕ್ಕದಲ್ಲಿ? ಈ ಸೂಚ್ಯಂಕವನ್ನು 2005ರಲ್ಲಿ ಮಾಡಿದ ಹಾರ್ಹೆ ಹಿರ್ಶ್ ಭೌತವಿಜ್ಞಾನಿ. ಸಹ ಪ್ರಾಧ್ಯಾಪಕ ಹುದ್ದೆಗೆ ಸುಮಾರು 12, ಪ್ರಾಧ್ಯಾಪಕ ಹುದ್ದೆಗೆ ಸುಮಾರು 18 ಎಂದು ಅವರು ಅಂದಾಜು ಕೊಟ್ಟದ್ದು ಅಮೆರಿಕದ ಭೌತವಿಜ್ಞಾನಿಗಳಿಗೆ. ಜೀವವಿಜ್ಞಾನದಲ್ಲಿ ಸಂಖ್ಯೆಗಳು ಬೇರೆ ಎಂದು ಅದೇ ಲೇಖನದಲ್ಲಿ ಹೇಳಿದ್ದಾರೆ, ಒಂದೇ ಒಂದು ಅಂಕಿ ಮನುಷ್ಯನ ಕೆಲಸದ ಒರಟು ಅಂದಾಜಷ್ಟೇ ಕೊಡಬಲ್ಲದು ಎಂದೂ ಹೇಳಿದ್ದಾರೆ. ಔಷಧದ ಪ್ರಮಾಣ ಬರೆದವರು ಎಚ್ಚರಿಕೆಯನ್ನೂ ಬರೆದಿದ್ದರು, ನಾವು ಚೀಟಿಯ ಅರ್ಧವನ್ನು ಹರಿದುಕೊಂಡೆವು.

ನಮ್ಮದೇ ಶಾಸ್ತ್ರದೊಳಗೂ ಒಂದು ಊರಿಲ್ಲ. ನಾನು ಮಲೇರಿಯಾ ಪರೋಪಜೀವಿಯ ಮೇಲೆ ಕೆಲಸ ಮಾಡುತ್ತೇನೆ. ನನ್ನ ಸಾಧಾರಣ ಲೇಖನವನ್ನೂ ಓದಿ ಉಲ್ಲೇಖಿಸಲು ಸಾವಿರಾರು ಜನರಿದ್ದಾರೆ, ಏಕೆಂದರೆ ಅಷ್ಟು ಜನ ಮಲೇರಿಯಾದ ಮೇಲೆ ಬರೆಯುತ್ತಿದ್ದಾರೆ. ಗೊರಕೆ ರೋಗದ ಮೇಲೆ ಬರೆಯುವವರು ದಕ್ಷಿಣ ಏಷ್ಯಾದಲ್ಲಿ ಬೆರಳೆಣಿಕೆಯಷ್ಟು. ಅವರಲ್ಲಿ ಮೂವರು ನಿಮ್ಮನ್ನು ಉಲ್ಲೇಖಿಸಿದ್ದಾರೆ ಎಂದರೆ ಸಣ್ಣ ಊರಿನ ಮದುವೆಗೆ ಊರೇ ಬಂದಂತೆ. ನಿಮ್ಮನ್ನು ಆ ಜೈವಿಕ ತಂತ್ರಜ್ಞಾನದ ಹುಡುಗನ ಪಕ್ಕ ನಿಲ್ಲಿಸಿದ್ದು ಸಮಿತಿಯ ತಪ್ಪು, ನಿಮ್ಮದಲ್ಲ.

ಇದನ್ನು ಸಭ್ಯವಾಗಿ ಹೇಳಲು ಒಂದು ಆಧಾರವಿದೆ. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಲೈಡನ್ ಪ್ರಣಾಳಿಕೆ ಎಂಬುದು ಬಂತು, ಸಂಶೋಧನೆಯನ್ನು ಅಂಕಿಗಳಿಂದ ಅಳೆಯುವಾಗ ಪಾಲಿಸಬೇಕಾದ ಹತ್ತು ಸೂತ್ರಗಳು. ಮೂರನೆಯದು ಸ್ಥಳೀಯವಾಗಿ ಮಹತ್ವವಿರುವ ಸಂಶೋಧನೆಯ ಗುಣಮಟ್ಟವನ್ನು ಕಾಪಾಡಬೇಕು ಎನ್ನುತ್ತದೆ. ಆರನೆಯದು ಒಂದೊಂದು ಕ್ಷೇತ್ರದ ಪ್ರಕಟಣೆ ಮತ್ತು ಉಲ್ಲೇಖದ ರೂಢಿ ಬೇರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುತ್ತದೆ. ಸಂದರ್ಶನಕ್ಕೆ ಹೋಗುವಾಗ ಅದರ ಎರಡು ಪ್ರತಿ ಕಡತದಲ್ಲಿ ಇಟ್ಟುಕೊಳ್ಳಿ. ಸಮಿತಿಯವರಿಗೆ ಕೆರೆ ತೋರಿಸಿದರೆ ಬರುವುದಿಲ್ಲ, ನೇಚರ್ ಎಂದರೆ ಒಂದು ಕ್ಷಣ ನಿಲ್ಲುತ್ತಾರೆ.

ಮತ್ತೆ ಯಾರಾದರೂ ಹದಿನೇಳರ ಮಾತೆತ್ತಿದರೆ ಥೂ ಯೂಯೂ ಅವರನ್ನು ನೆನಪಿಸಿ. ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕೊಟ್ಟವರು, 2015ರ ನೊಬೆಲ್. ಡಾಕ್ಟರೇಟ್ ಇಲ್ಲ, ಹೊರದೇಶದ ತರಬೇತಿ ಇಲ್ಲ, ಚೀನಾದ ವಿಜ್ಞಾನ ಅಕಾಡೆಮಿಯ ಸದಸ್ಯತ್ವವೂ ಇರಲಿಲ್ಲ. ಆ ಔಷಧದ ರಚನೆಯನ್ನು ಹೊರಗೆಡವಿದ 1977ರ ಚೀನೀ ಲೇಖನದಲ್ಲಿ ಒಬ್ಬ ವ್ಯಕ್ತಿಯ ಹೆಸರೂ ಇಲ್ಲ, ಸಹಯೋಗ ಸಂಶೋಧನಾ ತಂಡ ಎಂದಷ್ಟೇ ಇದೆ. ಅಲ್ಲಿನ ಆ ಕಾಲದ ರೀತಿ ಅದು. ಅದನ್ನು ಉಲ್ಲೇಖಿಸಿದರೆ ಯಾವ ಪುಟದಲ್ಲಿ ಯಾರ ಎಚ್ ಏರುತ್ತದೆ? ಆದರೂ ಇದನ್ನು ಜಗಳಕ್ಕೆ ಬಳಸಬೇಡಿ, ಸಮಿತಿಯವರು 'ನೀವೇನು ಥೂ ಯೂಯೂ ಅವರೇ' ಎಂದು ಕೇಳಿದರೆ ಉತ್ತರವಿರುವುದಿಲ್ಲ.

250 ಅಕ್ಷರಕ್ಕೆ ನನ್ನ ಸಲಹೆ: ಮೊದಲು ಎರಡೂ ಸಂಖ್ಯೆ, ಮೂಲ ಮತ್ತು ದಿನಾಂಕದೊಂದಿಗೆ. ಉಳಿದದ್ದೆಲ್ಲ ಆ ಆರರ ಲೇಖನಕ್ಕೆ. ಯಾರು ಅದನ್ನು ಬಳಸಿದ್ದಾರೆ? ಪಶು ಆಸ್ಪತ್ರೆಗಳಲ್ಲಿ, ತರಬೇತಿಯಲ್ಲಿ ಎಲ್ಲಾದರೂ?

ಬಸವನಹುಳು ಎಣಿಸುವವಳು

ಸರ್, ನೀವು ಪಂಥ ಗೆದ್ದಿರಿ. ನನ್ನ ಆಕರಗಳ ಪಟ್ಟಿಯಲ್ಲಿ ರಾವ್ ಅವರಿಲ್ಲ. ಹೆಸರನ್ನು ನಾಲ್ಕು ಬಾರಿ ಬರೆದಿದ್ದೇನೆ, ಲೇಖನವನ್ನು ಒಮ್ಮೆಯೂ ತೆರೆದಿರಲಿಲ್ಲ. ನಿನ್ನೆ ನಮ್ಮ ಗ್ರಂಥಾಲಯದ ಹಳೆಯ ಸಂಪುಟಗಳಲ್ಲಿ ಹುಡುಕಿ ಓದಿದೆ. ಮುಂದಿನ ಲೇಖನದ ಪಟ್ಟಿಯಲ್ಲಿ ಅವರೇ ಮೊದಲು.

ಹಾಸನದವರ ಪ್ರಶ್ನೆಗೆ ಉತ್ತರ ಹುಡುಕಲು ಒಂದು ದಿನ ಬೇಕಾಯಿತು. ತಾಲ್ಲೂಕು ಪಶುವೈದ್ಯರಿಗೆ ನಾವು ನಡೆಸುವ ತರಬೇತಿಯಲ್ಲಿ ಸಿಂಬಳದ ಪರೀಕ್ಷೆಯನ್ನು ಆ ಲೇಖನದ ವಿಧಾನದಂತೆಯೇ ಕಲಿಸುತ್ತೇವೆ. ಆರು ವರ್ಷದ ಹಾಜರಿ ಪುಸ್ತಕ ತೆಗೆದು ಕೂಡಿದೆ, 143 ವೈದ್ಯರು. ಎಮ್ಮೆಗಳನ್ನೂ ಪರೀಕ್ಷಿಸಿ ಎಂದು ರೈತರಿಗಾಗಿ ಕನ್ನಡದಲ್ಲಿ ಎಂಟು ಪುಟದ ಪುಸ್ತಿಕೆ ಬರೆದಿದ್ದೆ. ಅದು ಯಾವ ಸೂಚ್ಯಂಕದಲ್ಲೂ ಇಲ್ಲ, ಮೂರು ಸಲ ಮರುಮುದ್ರಣವಾಗಿದೆ. ಇಷ್ಟನ್ನು ತುರುಕುವಷ್ಟರಲ್ಲಿ 262 ಅಕ್ಷರವಾಯಿತು. 'ಸ್ಥಳೀಯವಾಗಿ ಮಹತ್ವದ' ಎಂಬುದನ್ನು ಹೊಡೆದುಹಾಕಿ ಹೊಂದಿಸಿದೆ. ಹಾಜರಿ ಪುಸ್ತಕದ ಅಂಕಿಯೇ ಅದನ್ನು ಹೇಳುತ್ತದೆ ಎನಿಸಿತು.

ಒಂದು ವಿಷಯ ಉಳಿಯಿತು. ಆ ತುಕ್ಕಿನ ತಜ್ಞರಿಗೆ, ಅವರ ಲೇಖನಗಳು ಇಷ್ಟು ಕಾಲ ನನ್ನ ಬಳಿ ಇದ್ದವು, ಹಿಂದಿರುಗಿಸಿದ್ದೇನೆ ಎಂದು ಮಿಂಚಂಚೆ ಬರೆದೆ. ಸಂಜೆಯೇ ಉತ್ತರ ಬಂತು. ನನ್ನ ಬಸವನಹುಳು ಲೇಖನವೊಂದು ಎಂಟು ವರ್ಷಗಳಿಂದ ಅವರ ಪಟ್ಟಿಯಲ್ಲಿ ಇದೆಯಂತೆ. ಹದಿಮೂರು ಉಲ್ಲೇಖ ಇದ್ದದ್ದರಿಂದ ತೆಗೆಯಲು ಮನಸ್ಸಾಗಲಿಲ್ಲವಂತೆ. ಅವರ ಬಡ್ತಿಯ ಸಂದರ್ಶನ ಮುಂದಿನ ತಿಂಗಳಂತೆ, ಅಲ್ಲಿಯ ತನಕ ಇರಲಿ ಎಂದು ಕೇಳಿದ್ದಾರೆ.